ನಾಲಿಗೆಯ ಕೆಳಗಿನ ದಾರ

ಸೇಡಂನಲ್ಲಿ ಬೆಕ್ಕನ್ನು ತೋರಿಸಲು ಯಾರಾದರೂ ನನ್ನ ಬಳಿ ಬಂದರೆ, ಅವತ್ತು ಅವರಿಗೆ ಶಹಾಬಾದಿಗೆ ಹೋಗಲು ಗಾಡಿ ಸಿಕ್ಕಿಲ್ಲ ಎಂದೇ ನಾನು ತಿಳಿದುಕೊಳ್ಳುತ್ತೇನೆ. ನಾನು ಇಲ್ಲಿನ ಪಶುವೈದ್ಯ. ಹಗಲು ಸರ್ಕಾರಿ ಕೆಲಸ, ಸಂಜೆ ಬಸ್ ನಿಲ್ದಾಣದ ಹಿಂದೆ ಬಾಡಿಗೆಯ ಒಂದು ಕೋಣೆಯಲ್ಲಿ ಸ್ವಂತದ್ದು. ಮೇಜಿನ ಮೇಲೆ ಬರುವುದು ಆಡು, ಕುರಿಮರಿ. ಬಾಗಿಲ ಹೊರಗೆ ನಿಲ್ಲುವುದು ಎಮ್ಮೆ.

ಶಹಾಬಾದಿನಲ್ಲಿರುವವನು ನನ್ನ ಸಹಪಾಠಿ. ಬೀದರಿನಲ್ಲಿ ಓದುವಾಗ ಒಂದೇ ಕೋಣೆಯಲ್ಲಿ ಇದ್ದೆವು. ಅವನು ಸರ್ಕಾರಿ ಕೆಲಸದ ಗೋಜಿಗೇ ಹೋಗದೆ, ನಾಯಿ ಬೆಕ್ಕುಗಳಿಗೆ ಮಾತ್ರ ಎಂದು ಗಾಜಿನ ಬಾಗಿಲಿನ ಆಸ್ಪತ್ರೆ ತೆರೆದ. ಕಲ್ಲು ಗಣಿ, ಸಿಮೆಂಟು, ಲಾರಿಗಳ ಊರಿನಲ್ಲಿ ಬೆಕ್ಕಿಗೆ ಯಾರು ಆಸ್ಪತ್ರೆ ಹುಡುಕಿಕೊಂಡು ಬರುತ್ತಾರೆ ಎಂದು ನಾವೆಲ್ಲ ನಕ್ಕಿದ್ದೆವು. ಈಗ ಕುಂಚಾವರಂ ಕಾಡಂಚಿನಿಂದಲೂ ಬುಟ್ಟಿಯಲ್ಲಿ ಬೆಕ್ಕು ಹೊತ್ತು, ತೆಲುಗು ಮಾತಾಡುತ್ತ ಜನ ಅವನ ಬಾಗಿಲಿಗೆ ಹೋಗುತ್ತಾರೆ. ಸಾಲದ್ದಕ್ಕೆ ಅವನು ವೀಡಿಯೊ ಮಾಡುತ್ತಾನೆ. ಮನೆಯೊಳಗಿನ ಯಾವ ಸಾಮಾನು ಬೆಕ್ಕಿಗೆ ವಿಷ, ಬೆಕ್ಕು ಪ್ಲಾಸ್ಟಿಕ್ ಯಾಕೆ ನೆಕ್ಕುತ್ತದೆ, ಇಂಥವು. ಊಟ ಮಾಡುವಾಗ ನನ್ನ ಹೆಂಡತಿ ಅವನ್ನು ನೋಡುತ್ತಾಳೆ. "ನಿಮ್ಮ ದೋಸ್ತ ಭಾಳ ಛಂದ ತಿಳಿಸಿ ಹೇಳ್ತಾರ್ರಿ," ಎನ್ನುತ್ತಾಳೆ. ನಾನು ಅವಳೆದುರು ನೋಡುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ನೋಡುತ್ತೇನೆ, ಎಲ್ಲಾದರೂ ತಪ್ಪು ಹೇಳಿದ್ದಾನೆಯೇ ಎಂದು. ಇದುವರೆಗೆ ಸಿಕ್ಕಿಲ್ಲ.

ಹಾಗೆ ಗಾಡಿ ಸಿಗದ ಒಂದು ಸಂಜೆ ಅತ್ತೆ ಸೊಸೆ ಇಬ್ಬರು ಒಂದು ಹೆಣ್ಣು ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಸೊಸೆ ಕುರಕುಂಟಾದ ಶಾಲೆಯಲ್ಲಿ ಟೀಚರ್. ಬೆಕ್ಕು ಅತ್ತೆಯದು, ಹೆಸರು ಚಿನ್ನಿ. ಬೆಳಗಿನಿಂದ ವಾಂತಿ, ಬಾಯಿಗೆ ಏನೂ ಮುಟ್ಟಿಸುತ್ತಿಲ್ಲ. ಬೆನ್ನಿನ ಚರ್ಮ ಹಿಡಿದೆತ್ತಿ ಬಿಟ್ಟೆ, ನಿಧಾನಕ್ಕೆ ಕೆಳಗಿಳಿಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ವಾಂತಿ ಮಾಡುವ ಬೆಕ್ಕು ಬಂದಾಗ ಕೇಳಬೇಕಾದ ಪ್ರಶ್ನೆಗಳು ನನಗೆ ಗೊತ್ತು. ಇಲಿ ಪಾಷಾಣ ಇಟ್ಟಿದ್ದೀರಾ? ಫಿನೈಲ್ ಹಾಕಿ ನೆಲ ಒರೆಸಿದ ಮೇಲೆ ಓಡಾಡಿ ಪಾದ ನೆಕ್ಕಿಕೊಂಡಿತೇ? ಜ್ವರ ಬಂದಿದೆ ಎಂದು ಮನುಷ್ಯರ ಗುಳಿಗೆ ಕೊಟ್ಟಿರಾ? ಟ್ರಂಕಿನಲ್ಲಿ ನುಸಿ ಗುಳಿಗೆ ಇದೆಯೇ? ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬಿ, ಕಾಳಿನ ಚೀಲದಲ್ಲಿಡುವ ಗುಳಿಗೆ? ಎಲ್ಲದಕ್ಕೂ ಇಲ್ಲ. ಹೊಲಿಗೆ ದಾರ, ಉಲ್ಲನ್ ನೂಲು ಬಿದ್ದಿರುತ್ತದೆಯೇ ಎಂದೂ ಕೇಳಿದ್ದೆ.

"ಮನ್ಯಾಗ ಯಾರೂ ಹೊಲಿಯಂಗಿಲ್ರಿ ಸರ್," ಎಂದರು ಟೀಚರ್.

"ಮತ್ತ ಏನ್ ತಿಂತದ್ರಿ ಇದು?"

"ಏನ್ ತಿನ್ನಂಗಿಲ್ಲ ಅಂತ ಕೇಳ್ರಿ. ಹಾಲು, ಮೊಸರು, ರೊಟ್ಟಿ. ಶೇಂಗಾ ಹಿಂಡಿ ನೆಕ್ತದ. ಕಸಬರಿಗಿ ಕಡ್ಡಿ ಕಡೀತದ. ಪರ್ಸಿ ಒರಸಿದ್ವಿ ಅಂದ್ರ ಹಸಿ ನೆಲ ನೆಕ್ಕೋತ ಕುಂದರ್ತದ. ನಮ್ಮತ್ತಿ ಪೂಜಾಕ್ಕ ಕುಂತ್ರ ಈಬತ್ತಿ ಗಟ್ಟಿಗೇ ಬಾಯಿ ಹಾಕ್ತದ."

"ಅದಕ್ಕ ಭಕ್ತಿ ಭಾಳ," ಎಂದು ಅತ್ತೆ ನಕ್ಕರು.

ನಾನು ಅಲ್ಲಿಗೇ ನಿಂತೆ. ವಿಭೂತಿ! ಈಗ ಅಂಗಡಿಯಲ್ಲಿ ಸಿಗುವ ಗಟ್ಟಿಗಳಲ್ಲಿ ಸಗಣಿಯ ಬೂದಿ ಎಷ್ಟು, ಸುಣ್ಣದ ಪುಡಿ ಎಷ್ಟು ಎಂಬುದು ಯಾರಿಗೆ ಗೊತ್ತು? ನಂಬಿಕೆಯ ವಸ್ತುವೊಂದು ತಪ್ಪಿತಸ್ಥನಾಗಿ ಸಿಕ್ಕರೆ ನನ್ನಂಥವನಿಗೆ ಒಳಗೊಳಗೆ ಖುಷಿ. ನೆಲ ನೆಕ್ಕುವುದು, ಕಡ್ಡಿ ಕಡಿಯುವುದು, ಬೂದಿ ತಿನ್ನುವುದು ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು. ಮಾಂಸ ಕಾಣದ ಬೆಕ್ಕು, ಹೊಟ್ಟೆಗೆ ಬೇಕಾದ್ದು ಸಿಗದೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಿದೆ, ಬೂದಿಯಿಂದ ಹೊಟ್ಟೆ ಕೆಟ್ಟಿದೆ ಎಂದು ಅವರಿಗೆ ಹೇಳಿದೆ.

"ಈಬತ್ತಿ ತಿಂದು ಯಾರರೆ ಬ್ಯಾನಿ ಬಿದ್ದಾರೇನ್ರಿ? ನಾ ದಿನಾ ಜರಾ ಬಾಯಾಗ ಹಾಕ್ಕೋತೀನಿ," ಎಂದರು ಅತ್ತೆ.

"ನೀವು ಬೆಕ್ಕಲ್ಲಲ್ರಿ ಅಮ್ಮಾ."

"ಅದು ನನ್ನ ಸೊಸೀಗಿ ಕೇಳ್ರಿ. ಅಕಿಗಿ ನಾ ಏನಂತ ಕಾಣ್ತೀನೋ." ಆಮೇಲೆ ಅವರ ಕಣ್ಣು ನನ್ನ ಅಂಗಿಯ ತೆರೆದ ಗುಂಡಿಯ ಮೇಲೆ ನಿಂತಿತು. ನನ್ನ ಮನೆತನ ಅವರಿಗೆ ಗೊತ್ತು. "ನಿಮ್ಮ ಲಿಂಗ ಎಲ್ಲದ್ರಿ?"

"ಮನ್ಯಾಗದ್ರಿ."

"ಮನ್ಯಾಗ ಯಾರ ಕೊರಳಾಗದ?"

ಟೀಚರ್ ನಗು ತಡೆಯಲು ಬೆಕ್ಕಿನ ಕಡೆ ಬಾಗಿದರು. ನಾನು ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ಚರ್ಮದಡಿ ಸಲೈನ್ ಹಾಕಿ, ವಿಭೂತಿಯನ್ನು ಎತ್ತರದಲ್ಲಿಡಲು ಹೇಳಿ ಕಳಿಸಿದೆ. ವಾಂತಿ ನಿಂತಿತು. ಫೋನಿನಲ್ಲಿ ಟೀಚರ್ ಹಾಗೆ ಹೇಳಿದಾಗ, ಶಹಾಬಾದಿನ ವೀಡಿಯೊಗಳಲ್ಲಿ ವಿಭೂತಿಯ ಮಾತು ಎಲ್ಲೂ ಬಂದಿಲ್ಲ ಎಂಬುದು ನನಗೆ ಕೂಡಲೇ ಹೊಳೆಯಿತು. ಇದರ ಬಗ್ಗೆ ನಾನೇ ಒಂದು ವೀಡಿಯೊ ಮಾಡಬಹುದಲ್ಲ ಎಂದುಕೊಂಡೆ. ಏನು ಹೇಳಬೇಕು, ಯಾವ ಅಂಗಿ ಹಾಕಿಕೊಳ್ಳಬೇಕು ಎಂಬುದನ್ನೂ ಯೋಚಿಸಿದೆ.

ಇಂಜೆಕ್ಷನ್ ವಾಂತಿಯನ್ನು ನಿಲ್ಲಿಸಿತ್ತು, ವಾಂತಿಯ ಕಾರಣವನ್ನಲ್ಲ. ಮರುದಿನ ಬೆಳಿಗ್ಗೆ ಮತ್ತೆ ಫೋನ್ ಬಂತು. ಚಿನ್ನಿ ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತಿದೆ, ಎತ್ತಿಕೊಂಡರೆ ನರಳುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತಿದೆ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಅವರ ಮನೆ ಹೊಕ್ಕೆ.

ಹಳೆಯ ಮನೆ. ನೆಲಕ್ಕೂ ಪರ್ಸಿ ಹಾಸುಗಲ್ಲು, ಮಾಳಿಗೆಗೂ ಪರ್ಸಿ. ದೇವರ ಕೋಣೆಯ ಹೊಸ್ತಿಲ ಬಳಿ ಬೆಕ್ಕು ಮುದುಡಿ ಕೂತಿತ್ತು. ನಾನು ನೆಲದ ಮೇಲೆ ಕೂತು ಹೊಟ್ಟೆ ಮುಟ್ಟಿದೆ. ಬೆರಳಿಗೆ ಕರುಳು ಸಡಿಲವಾಗಿ ಜಾರಬೇಕು. ಇಲ್ಲಿ ಒಂದೆಡೆ ಹಿಡಿಯಾಗಿ ಗಂಟುಕಟ್ಟಿದ ಹಾಗೆ ಸಿಕ್ಕಿತು. ಬೂದಿ ಹಾಗೆ ಮಾಡುವುದಿಲ್ಲ.

"ಸರ್, ತಪ್ಪ್ ತಿಳ್ಕೋಬ್ಯಾಡ್ರಿ," ಎಂದರು ಟೀಚರ್. "ಶಹಾಬಾದ್ ಡಾಕ್ಟರ್‌ಗೆ ಒಂದು ವೀಡಿಯೊ ಮಾಡಿ ಕಳಿಸೀನಿ. ನಿಮ್ಮ ದೋಸ್ತರೇ ಅಂತಲ್ರಿ."

"ಕಳಿಸಿದ್ರ ಏನಾತ್ರಿ," ಎಂದೆ.

ಮುಂದಿನ ಅರೆಕ್ಷಣದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನನ್ನ ನೆನಪಿನಲ್ಲಿ ಕ್ರಮ ಹೀಗಿದೆ. ನಾನು ಎಡಗೈಯಿಂದ ಬೆಕ್ಕಿನ ತಲೆ ಹಿಡಿದೆ. ಬಲಗೈಯ ಬೆರಳಿಂದ ಕೆಳದವಡೆ ಇಳಿಸಿದೆ. ಹೆಬ್ಬೆರಳನ್ನು ಗದ್ದದ ಕೆಳಗಿನಿಂದ ಮೇಲಕ್ಕೆ ಒತ್ತಿದೆ. ಹಾಗೆ ಒತ್ತಿದರೆ ನಾಲಿಗೆ ಮೇಲಕ್ಕೇಳುತ್ತದೆ, ಅದರ ಬುಡ ಕಾಣುತ್ತದೆ. ಆಗ ಟೀಚರ್ ಕೈಯಲ್ಲಿದ್ದ ಫೋನಿನಲ್ಲಿ, ಶಹಾಬಾದಿನಿಂದ ಬಂದ ವಾಯ್ಸ್ ಮೆಸೇಜಿನಲ್ಲಿ, ಅವನ ಧ್ವನಿ ಕೇಳಿತು: "ಟೀಚರ್, ನಾಲಿಗಿ ಎತ್ತಿ ಬುಡಕ್ಕ ನೋಡ್ಲಿಕ್ಕೆ ಹೇಳ್ರಿ. ನಮ್ಮ ದೋಸ್ತ ನೋಡೇ ಇರ್ತಾನ. ಆದ್ರೂ ಇನ್ನೊಮ್ಮಿ ನೋಡ್ಲಿ."

ಹೆಬ್ಬೆರಳು ಮೊದಲು, ಧ್ವನಿ ಆಮೇಲೆ. ಹೀಗೆಂದು ನನ್ನ ನೆನಪು ಹೇಳುತ್ತದೆ. ಆದರೆ ಈ ನೆನಪಿನಿಂದ ಲಾಭವಾಗುವುದು ನನಗೊಬ್ಬನಿಗೇ. ಲಾಭ ಪಡೆಯುವವನ ಸಾಕ್ಷಿಯನ್ನು ನಾನು ಬೇರೆಯವರ ವಿಷಯದಲ್ಲಿ ಒಪ್ಪುವುದಿಲ್ಲ.

ನಾಲಿಗೆಯ ಬುಡವನ್ನು ಸುತ್ತಿಕೊಂಡು ಒಂದು ದಾರ ಇತ್ತು. ದಪ್ಪ ಹತ್ತಿಯ ದಾರ, ಮಾಂಸದೊಳಗೆ ಹೂತು ಗೆರೆ ಕೊರೆದಿತ್ತು. ಎರಡೂ ತುದಿ ಗಂಟಲಿನೊಳಗೆ ಹೋಗಿದ್ದವು.

ಅತ್ತೆ ಬಾಗಿ ನೋಡಿದರು. ಎದ್ದು ದೇವರ ಕೋಣೆಗೆ ಹೋಗಿ ಒಂದು ಹಿತ್ತಾಳೆ ಬೋಗುಣಿ ತಂದು ನೆಲದ ಮೇಲಿಟ್ಟರು. ಪೂಜೆಯಿಂದ ಇಳಿಸಿದ ಹೂವು, ಪತ್ರಿ ಅದರಲ್ಲಿದ್ದವು. ಕಸಕ್ಕೆ ಹಾಕುವಂತಿಲ್ಲ, ತುಂಬಿದ ಮೇಲೆ ಒಯ್ದು ಕಾಗಿಣಾ ಹೊಳೆಗೆ ಬಿಡುವ ಪದ್ಧತಿ. ಅವರು ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರ ಬದಲಿಸಿದಾಗ ಹಳೆಯದನ್ನೂ ಇದರಲ್ಲೇ ಇಟ್ಟಿದ್ದರು. ಲಿಂಗಕ್ಕೆ ಎರೆದ ಹಾಲೂ ಇದರಲ್ಲೇ ಬೀಳುತ್ತಿತ್ತು. ಹೂವುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ದಾರ ಇರಲಿಲ್ಲ.

"ಹಾಲಿನಾಗ ನೆಂದಿತ್ತು," ಎಂದರು. "ವರ್ಷಾನುಗಟ್ಟಲೆ ನನ್ನ ಮೈ ಮ್ಯಾಲಿದ್ದದ್ದು. ನನ್ನ ವಾಸನಿನೂ ಇರ್ತದ."

ಟೀಚರ್ ನನ್ನ ಮುಖ ನೋಡಿದರು. ಹೊಲಿಗೆ ದಾರ ಇದೆಯೇ ಎಂದು ನಾನು ಕೇಳಿದ್ದೆ, ಇಲ್ಲವೆಂದು ಅವರು ಹೇಳಿದ್ದರು. ಎರಡೂ ಸರಿಯಾಗಿದ್ದವು. ಆ ಮನೆಯಲ್ಲಿ ಶಿವದಾರವನ್ನು ಬೆಕ್ಕಿಗೆ ಅಪಾಯ ತರುವ ಸಾಮಾನುಗಳ ಜೊತೆ ನೆನೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ನನ್ನ ಮನೆಯಲ್ಲೂ ಹಾಗೆಯೇ.

ಆಗಬೇಕಾದ್ದನ್ನು ವಿವರಿಸಿದೆ. ದಾರದ ನಡುಭಾಗ ನಾಲಿಗೆಗೆ ಸಿಕ್ಕಿಕೊಂಡಿದೆ, ತುದಿಗಳು ಕರುಳಿಗೆ ಇಳಿದಿವೆ. ಕರುಳು ಅದನ್ನು ಮುಂದಕ್ಕೆ ತಳ್ಳಲು ನೋಡುತ್ತದೆ. ದಾರ ಹೋಗದೆ ಕರುಳೇ ದಾರದ ಮೇಲೆ ಏರುತ್ತದೆ. ಎಳೆದರೆ ಗರಗಸದ ಹಾಗೆ ಕರುಳನ್ನು ಕೊಯ್ಯುತ್ತದೆ. ಆದ್ದರಿಂದ ಯಾರೂ ಎಳೆಯಬಾರದು. ನಾಲಿಗೆಯ ಕೆಳಗೆ ಕತ್ತರಿಸಬೇಕು, ಹೊಟ್ಟೆ ತೆರೆದು ತುಂಡು ತುಂಡಾಗಿ ತೆಗೆಯಬೇಕು. ಇವತ್ತೇ. ಇಲ್ಲದಿದ್ದರೆ ಉಳಿಯುವುದಿಲ್ಲ.

"ಶಿವದಾರಕ್ಕ ಕತ್ತರಿ ಹಚ್ಚಬಾರ್ದು," ಎಂದರು ಅತ್ತೆ. ಯಾರಿಗೂ ಹೇಳಿದ ಹಾಗಿರಲಿಲ್ಲ.

"ಅತ್ತಿ," ಎಂದರು ಟೀಚರ್.

ಅತ್ತೆ ಕೈಯಿಂದ ಎದೆ ಮುಟ್ಟಿಕೊಂಡರು. ಹೊಸ ದಾರದಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು. ಬೆಕ್ಕು ಒಮ್ಮೆ ಬಾಯಿ ತೆರೆದು ಮುಚ್ಚಿತು, ಧ್ವನಿ ಬರಲಿಲ್ಲ.

"ಲಿಂಗ ಇಲ್ಲಿ ಅದ," ಎಂದರು ಕೊನೆಗೆ. "ಅಲ್ಲಿರೋದು ಬರೇ ನೂಲು. ಕತ್ತರಸ್ರಿ."

ನಾನು ಬೆಕ್ಕನ್ನು ನನ್ನ ಕೋಣೆಗೆ ತಂದೆ. ಟೀಚರ್ ಶಾಲೆಗೆ ರಜೆ ಹೇಳಿ ಜೊತೆಗೆ ಬಂದರು. ನಾನೂ ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ. ಎಮ್ಮೆಯ ಹೊಟ್ಟೆಯನ್ನು ನಾನು ಎಷ್ಟು ಸಲ ತೆರೆದಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಮೊಳೆ, ತಂತಿ, ಪ್ಲಾಸ್ಟಿಕ್ ಚೀಲಗಳ ಮುದ್ದೆ, ಒಮ್ಮೆ ಒಂದು ಇಡೀ ಚಪ್ಪಲಿ ತೆಗೆದಿದ್ದೇನೆ. ಅಲ್ಲಿ ಭುಜದವರೆಗೆ ತೋಳು ಒಳಗೆ ಹೋಗುತ್ತದೆ. ಬೆಕ್ಕಿನ ಕರುಳು ನನ್ನ ಕಿರುಬೆರಳಿಗಿಂತ ತೆಳ್ಳಗೆ. ಆದರೆ ಆ ಬೆಳಿಗ್ಗೆ ನನಗೆ ಅನುಮಾನವೇ ಇರಲಿಲ್ಲ. ಸೇಡಂನಲ್ಲಿ, ನನ್ನ ಮೇಜಿನ ಮೇಲೆ, ನನ್ನ ಕೈಯಿಂದಲೇ ಆಗಬೇಕು. ಹೊಟ್ಟೆಯ ಕೂದಲು ತೆಗೆದೆ. ಮತ್ತಿನ ಔಷಧವನ್ನು ತೂಕಕ್ಕೆ ತಕ್ಕಂತೆ ಸಿರಿಂಜಿಗೆ ಎಳೆದಿಟ್ಟೆ. ಉಪಕರಣಗಳನ್ನು ಕುದಿಯುವ ನೀರಿನಿಂದ ತೆಗೆದು ಬಟ್ಟೆಯ ಮೇಲೆ ಹರಡಿದೆ. ಔಷಧದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು, ಅದಕ್ಕೆ ಫೋನ್ ಆನಿಸಿ, ಮೇಜಿನ ನಡುಭಾಗ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿದೆ. ಬೆಳಕು ಸಾಲದೆನಿಸಿ ಕಿಟಕಿಯ ಪರದೆ ಸರಿಸಿದೆ. ಮತ್ತೆ ನೋಡಿದೆ.

"ಸರ್, ಸಲೈನ್?" ಎಂದರು ಟೀಚರ್.

ಅಪಾಯದಲ್ಲಿರುವ ಬೆಕ್ಕಿಗೆ ಮೊದಲು ಆಗಬೇಕಾದ್ದು ಅದು. ಮೈಯಲ್ಲಿ ನೀರಿಲ್ಲದೆ ಮತ್ತಿನ ಔಷಧ ಕೊಟ್ಟರೆ ಹೃದಯ ನಿಲ್ಲಬಹುದು. ನಾನು ಕ್ಯಾಮೆರಾ ಸರಿಮಾಡಿದ್ದೆ. ನೆತ್ತರ ನಾಳಕ್ಕೆ ಇನ್ನೂ ಸೂಜಿ ಹಾಕಿರಲಿಲ್ಲ.

ಫೋನನ್ನು ಡಬ್ಬಿಗಳ ಮೇಲಿಂದ ಕೆಳಗಿಳಿಸಿದೆ. ಮಕ್ಕಳಿಗೆ ಬಳಸುವ ಅತಿ ಸಣ್ಣ ಸೂಜಿಯನ್ನು ಮುಂಗಾಲಿನ ನಾಳಕ್ಕೆ ಹಾಕಿ ಹನಿ ಶುರುಮಾಡಿದೆ. ಆಮೇಲೆ ನನ್ನಲ್ಲಿ ಇದ್ದ ಹೊಲಿಗೆ ದಾರಗಳನ್ನು ನೋಡಿದೆ. ಎಲ್ಲವೂ ಎಮ್ಮೆಗೆ, ಆಡಿಗೆ. ಕರುಳು ಹಿಡಿಯುವವರು ಇಲ್ಲ. ಹೊಟ್ಟೆಯೊಳಗೆ ಏನಿದೆ ಎಂದು ತೋರಿಸುವ ಎಕ್ಸ್-ರೇ ಇಲ್ಲ. ಇವೆಲ್ಲ ಮುಂಚೆಯೂ ನನಗೆ ಗೊತ್ತಿದ್ದವು, ಆದರೂ ಕತ್ತಿ ಕುದಿಸಿದ್ದೆ. ಅದೇ ಫೋನಿನಿಂದ ಅವನಿಗೆ ಕರೆ ಮಾಡಿದೆ.

"ದಾರ ಅದ," ಎಂದೆ.

"ಅದನಾ? ಎಳದಿಲ್ಲಲ್ಲ?"

"ನನಗ ಅಷ್ಟೂ ಗೊತ್ತಿಲ್ಲೇನಲೇ?"

"ಹಂಗಲ್ಲೋ ಮಾರಾಯ. ಡ್ರಿಪ್ ಹಚ್ಚಿ ಹಂಗೇ ಬಾ. ನಾ ಮೇಜು ಖಾಲಿ ಮಾಡಿ ಇಡ್ತೀನಿ."

ಊರು ಬಿಡುವ ಮುಂಚೆ ಟೀಚರ್ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅತ್ತೆ ಕಿಟಕಿಯೊಳಗೆ ಕೈ ಹಾಕಿ ಬೆಕ್ಕಿನ ಹಣೆ ಸವರಿದರು. "ಅದು ಬಾಯಿಗಿ ಏನರೆ ಹಚ್ಚೋತನಕ ನಾ ಪ್ರಸಾದ ಮುಟ್ಟಂಗಿಲ್ಲ," ಎಂದರು.

"ಅತ್ತಿ, ನಿಮಗ ಸಕ್ಕರಿ ಬ್ಯಾನಿ ಅದ. ಗುಳಿಗಿ ತಗೊಂಡು ಉಪಾಸ ಇದ್ರ ಚಕ್ಕರ್ ಬರ್ತದ," ಎಂದರು ಟೀಚರ್.

"ಹಂಗಿದ್ರ ಡಾಕ್ಟರ್‌ಗೆ ಜಲ್ದಿ ಹೋಗ್ಲಿಕ್ಕೆ ಹೇಳು."

ಚಿತ್ತಾಪುರ ದಾಟುವವರೆಗೆ ರಸ್ತೆ ಖಾಲಿ ಸಿಕ್ಕಿತು. ರಾವೂರದ ಹತ್ತಿರ ಪರ್ಸಿ ಹೇರಿದ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ಟೀಚರ್ ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಬೆಕ್ಕಿನ ಎದೆಯ ಮೇಲೆ ಇಟ್ಟುಕೊಂಡಿದ್ದರು. ಉಸಿರು ಎಣಿಸಲು ನಾನೇ ಹೇಳಿದ್ದೆ.

"ಅವರ ಮೆಸೇಜ್ ಬರದೇ ಇದ್ರ ಏನಾಗ್ತಿತ್ತೋ ಸರ್," ಎಂದರು.

"ನಾ ಆಗಲೇ ನೋಡ್ಲಿಕತ್ತಿದ್ನಲ್ರಿ. ನನ್ನ ಬೆರಳು ಬಾಯಾಗೇ ಇತ್ತು."

ಕನ್ನಡಿಯಲ್ಲಿ ಅವರ ಮುಖ ಕಂಡಿತು. "ನೀವು ಹೊಟ್ಟಿ ಹಿಡಕೊಂಡಿದ್ರಿ ಸರ್. ಮೆಸೇಜ್ ಕೇಳಿ ಬಾಯಿ ತೆರದ್ರಿ ಅಂತ ನನಗ..." ಎಂದು ನಿಲ್ಲಿಸಿ, "ಹೌದ್ರಿ, ನೀವಂದಂಗೇ ಇರಬೇಕು," ಎಂದರು. ಹೋಂವರ್ಕ್ ಮಾಡಿದ್ದೇನೆ, ಮನೆಯಲ್ಲಿ ಮರೆತು ಬಂದೆ ಎನ್ನುವ ಹುಡುಗರಿಗೆ ಹೇಳುವ ಧ್ವನಿ. ವಾಡಿಯವರೆಗೆ ಲಾರಿಗಳನ್ನು ಹಿಂದಿಕ್ಕುತ್ತ ಹೋದೆ. ಹೊಟ್ಟೆಯ ಮೇಲೆ ಕೈ, ಬಾಯೊಳಗೆ ಬೆರಳು; ಎರಡು ಚಿತ್ರಗಳೂ ಈಗ ಸಮಸಮ ಸ್ಪಷ್ಟವಾಗಿ ಕಾಣತೊಡಗಿದ್ದವು.

ಅವನು ಬಾಗಿಲಲ್ಲೇ ನಿಂತಿದ್ದ. "ಬಾರಲೇ ಎಮ್ಮಿ ಡಾಕ್ಟರ್," ಎಂದು ಬೆನ್ನಿಗೆ ಗುದ್ದಿ, ಟೀಚರಿಗೆ ನೀರು ಕೊಡಿಸಿ, ಬೆಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡ. ಅವನ ಕೋಣೆಯಲ್ಲಿ ನೆರಳು ಬೀಳದ ದೀಪ, ಬೆಚ್ಚಗಾಗುವ ಮೇಜು, ಉಸಿರಿನ ಜೊತೆ ಮತ್ತಿನ ಔಷಧ ಕೊಡುವ ಯಂತ್ರ. ಅಚ್ಚುಕಟ್ಟಾಗಿ ಕೆಲಸ ಮಾಡುವ ಸಹಾಯಕಿ. ಒಂದೊಂದನ್ನೂ ನೋಡಿದೆ. ಒಂದೊಂದಕ್ಕೂ ಉರಿಯಿತು. ಎಕ್ಸ್-ರೇಯಲ್ಲಿ ಕರುಳು ಒಂದೆಡೆ ಮುದ್ದೆಯಾಗಿ, ನಡುನಡುವೆ ಗಾಳಿಯ ಗುಳ್ಳೆಗಳಾಗಿ ಕಂಡಿತು. ನಾನು ಬೆರಳಿನಿಂದ ತಿಳಿದದ್ದನ್ನೇ ಅದು ಹೇಳುತ್ತಿತ್ತು. ಅದನ್ನು ಯಾರಾದರೂ ಗಮನಿಸಲಿ ಎಂದು ಕಾದೆ.

"ನೀ ಕೊಯ್ತೀಯೋ, ನಾ ಕೊಯ್ಲೋ?" ಎಂದು ಕೇಳಿದ ಕೈ ತೊಳೆಯುತ್ತ.

ನಿಜವಾದ ಔದಾರ್ಯವೋ, ಬೆಕ್ಕು ಸತ್ತರೆ ತಪ್ಪಿನ ಪಾಲು ಹಂಚುವ ಜಾಣತನವೋ ತಿಳಿಯಲಿಲ್ಲ. ಅವನ ತೆಳ್ಳಗಿನ ಬೆರಳುಗಳನ್ನು ನೋಡಿದೆ, ನನ್ನವನ್ನು ನೋಡಿದೆ. "ನಿನ್ನ ಮೇಜು. ನೀನೇ ಕೊಯ್ಯಿ. ನಾ ಕರುಳು ಹಿಡೀತೀನಿ," ಎಂದೆ.

ಬೆಕ್ಕಿಗೆ ಮತ್ತೇರಿದ ಮೇಲೆ ಮೊದಲು ನಾಲಿಗೆ ಎತ್ತಿ ದಾರ ಕತ್ತರಿಸಿದ. ಆಮೇಲೆ ಹೊಟ್ಟೆಯ ನಡುಗೆರೆಯಲ್ಲಿ ಕತ್ತಿ ಇಳಿಸಿದ. ಕರುಳನ್ನು ಹೊರತಂದು ಒದ್ದೆ ಬಟ್ಟೆಯ ಮೇಲೆ ಇಟ್ಟೆ. ಲಾಡಿ ಬಿಗಿದ ಪೈಜಾಮದ ಸೊಂಟದ ಹಾಗೆ ಉದ್ದಕ್ಕೂ ನೆರಿಗೆ ಬಿದ್ದಿತ್ತು. ಹೊಟ್ಟೆಯ ಚೀಲ ತೆರೆದು ಅಲ್ಲಿದ್ದ ದಾರದ ಮುದ್ದೆ ತೆಗೆದೆವು. ಮುಂದೆ ಕರುಳಿನಲ್ಲಿ ಅಲ್ಲಲ್ಲಿ ಚಿಕ್ಕ ಸೀಳು ಮಾಡಿ, ಸಿಕ್ಕಷ್ಟು ದಾರ ಹೊರಗೆಳೆದು ಕತ್ತರಿಸಿ, ಮುಂದಿನ ಜಾಗಕ್ಕೆ ಹೋಗಬೇಕು. ಎಳೆದಾಗ ಬಿಗಿಯೆನಿಸಿದರೆ ನಿಲ್ಲಿಸಬೇಕು, ಇನ್ನೊಂದು ಸೀಳು ಮಾಡಬೇಕು. ಅವನು ನಿಲ್ಲಿಸಬೇಕಾದಲ್ಲೆಲ್ಲ ನಿಲ್ಲಿಸಿದ. ಒಂದು ಸಲವೂ ಅವಸರ ಮಾಡಲಿಲ್ಲ. ಓದುವಾಗ ಅವನು ಎಲ್ಲದರಲ್ಲೂ ಅವಸರದವನು ಎಂದು ನನ್ನ ನೆನಪು. ಆ ನೆನಪೂ ಸುಳ್ಳಾಯಿತು.

ಒಂದೊಂದೇ ನೆರಿಗೆ ಬಿಚ್ಚಿಕೊಂಡಿತು. ದಾರದ ಕೊನೆಯ ತುಂಡು ಬಂದಾಗ ಕೆಳಗೆ ಕರುಳಿನ ಒಂದು ಭಾಗ ಕಪ್ಪಗೆ ಕಂಡಿತು.

"ಇದು ಹೋಗ್ಯದ," ಎಂದ ಅವನು. "ಕತ್ತರಿಸಿ ಎರಡೂ ಕಡಿ ಕೂಡಸಬೇಕು."

ಆ ಕೂಡಿಸುವ ಕೆಲಸ ಬೆಕ್ಕಿನಲ್ಲಿ ಕಷ್ಟ. ಹೊಲಿಗೆ ಸೋರಿದರೆ ಬದುಕುವುದಿಲ್ಲ. "ತಡಿ," ಎಂದೆ. "ಬೆಚ್ಚಗಿನ ಸಲೈನ್ ಬಟ್ಟಿ ಕೊಡು. ಎಮ್ಮ್ಯಾಗ ಹಿಂಗ ಕಪ್ಪಾದದ್ದು ತಿರುಗಿ ಬಂದದ್ದು ನೋಡೀನಿ."

"ಇದು ಎಮ್ಮಿ ಅಲ್ಲಲೇ."

"ಕರುಳು ಕರುಳೇ ಅಲ್ಲೇನು? ತಡಿ."

ತಡೆದ. ನಾನು ಒದ್ದೆ ಬಟ್ಟೆಯಲ್ಲಿ ಆ ಭಾಗವನ್ನು ಸುತ್ತಿ ಅಂಗೈಯಲ್ಲಿಟ್ಟುಕೊಂಡು ನಿಂತೆ. ಬಟ್ಟೆ ತೆಗೆದಾಗ ಅಂಚು ಕೆಂಪಗಾಗಿತ್ತು. ಮತ್ತೆ ಸುತ್ತಿದೆ. ಎರಡನೇ ಸಲ ತೆಗೆದಾಗ ನಡುವೆಯೂ ಬಣ್ಣ ಬಂದಿತ್ತು. ಬೆರಳಿನಿಂದ ಮೆಲ್ಲಗೆ ಮೀಟಿದೆ, ಕರುಳು ಹುಳುವಿನ ಹಾಗೆ ಅಲುಗಾಡಿ ಮುಂದಕ್ಕೆ ಒಂದು ಅಲೆ ಕಳಿಸಿತು. ಅದನ್ನು ಕತ್ತರಿಸಲಿಲ್ಲ. ಸೀಳುಗಳನ್ನು ಹೊಲಿದು, ಒಳಗೆ ಸಲೈನ್ ತುಂಬಿ ಸೋರುತ್ತದೆಯೇ ನೋಡಿ, ಹೊಟ್ಟೆ ಮುಚ್ಚಿದೆವು.

"ಕರುಳು ಎಮ್ಮಿ ಡಾಕ್ಟರ್ ಉಳಿಸಿದ," ಎಂದು ಅವನು ಸಹಾಯಕಿಗೆ ಹೇಳಿದ. ಹೊರಗೆ ಹೋಗಿ ಟೀಚರಿಗೂ ಅದನ್ನೇ ಹೇಳಿದ. ಅವನು ಹೊಗಳದಿದ್ದರೆ ಉರಿಯುತ್ತದೆ, ಹೊಗಳಿದರೆ ಇನ್ನೂ ಹೆಚ್ಚು ಉರಿಯುತ್ತದೆ. ಹೊಗಳುವವನು ಮೇಲೆ ನಿಂತಿರುತ್ತಾನೆ.

ಇನ್ನು ಉಳಿದಿದ್ದು ತಿನ್ನುವುದು. ಕರುಳಿನ ಹೊಲಿಗೆ ಹಿಡಿದಿದೆ, ಹೊಟ್ಟೆ ಕೆಲಸ ಶುರುಮಾಡಿದೆ ಎಂಬುದಕ್ಕೆ ಬೆಕ್ಕು ತಾನಾಗಿ ತಿನ್ನುವುದಕ್ಕಿಂತ ದೊಡ್ಡ ಗುರುತು ಬೇರೊಂದಿಲ್ಲ. ಹಾಲು ಕೊಡುವಂತಿಲ್ಲ, ಕರುಳಿಗೆ ಭಾರ. ಬೇಯಿಸಿ ಅರೆದ ಕೋಳಿಮಾಂಸ ಒಳ್ಳೆಯದು ಎಂದ ಅವನು. ಟೀಚರ್ ಮನೆಗೆ ಫೋನ್ ಹಚ್ಚಿ, ಅಂಜುತ್ತಲೇ ಅತ್ತೆಯನ್ನು ಕೇಳಿದರು.

ಆ ಕಡೆಯ ಧ್ವನಿ ನಮಗೂ ಕೇಳಿಸಿತು: "ಬ್ಯಾಡ ಅನ್ನೋದು ನನಗ. ಅದಕ್ಕ ಬ್ಯಾಡಂತ ನಾ ಯಾವಾಗ ಅಂದೀನಿ? ಇಲಿ ಹಿಡದು ಮಾಳಿಗಿ ಮ್ಯಾಲ ಕುಂತು ತಿಂತದ, ನನಗ ಗೊತ್ತಿಲ್ಲೇನು?"

"ನೀವು ಉಂಡ್ರಿ ಅತ್ತಿ?"

"ಅದು ಉಂಡದೇನು?"

ಟೀಚರ್ ಅತ್ತೆಯನ್ನು ನೋಡಿಕೊಳ್ಳಲು ನನ್ನ ಜೊತೆ ಸೇಡಂಗೆ ವಾಪಸಾದರು. ಬೆಕ್ಕು ಅಲ್ಲೇ ಉಳಿಯಿತು. ಮರುದಿನ ನಾನು ಮತ್ತೆ ರಜೆ ಹಾಕಿ ಬೆಳಗಿನ ರೈಲಿಗೆ ಹೋದೆ. ಯಾಕೆ ಹೋದೆ ಎಂದು ಹೆಂಡತಿ ಕೇಳಿದಳು. ನನ್ನ ಕೇಸು ಎಂದೆ. ಜೇಬಿನಲ್ಲಿ ಬೇಯಿಸಿದ ಮೊಟ್ಟೆ, ಸಣ್ಣ ಡಬ್ಬಿಯಲ್ಲಿ ಮೆತ್ತಗಿನ ಅನ್ನ ಇಟ್ಟುಕೊಂಡಿದ್ದೆ. ಹಣೆಯಿಂದ ಬಾಲದವರೆಗೆ ಮುದುಡಿಕೊಂಡಿದ್ದ ಚಿನ್ನಿ ಪಂಜರದಲ್ಲಿ ಕಣ್ಣು ಅರ್ಧ ತೆರೆದು ಕೂತಿತ್ತು. ಜ್ವರ ಇರಲಿಲ್ಲ. ಹೊಟ್ಟೆ ಮೆತ್ತಗಿತ್ತು.

ಮೊಟ್ಟೆಯ ಹಳದಿ ಪುಡಿಮಾಡಿ ಮುಂದೆ ಹಿಡಿದೆ. ಮೂಸಿ ಮುಖ ತಿರುಗಿಸಿತು. ಅನ್ನಕ್ಕೆ ಒಂದು ಹನಿ ಮೊಸರು ಬೆರೆಸಿದೆ. ತಿರುಗಿಸಿತು. ಕೋಳಿಯ ಸಾರನ್ನು ಬೆಚ್ಚಗೆ ಮಾಡಿ ತಟ್ಟೆಯಲ್ಲಿಟ್ಟೆ, ವಾಸನೆ ಬರಲೆಂದು ಮೂಗಿಗೆ ಸವರಿದೆ. ಸೀನಿತು. ಚಮಚದಿಂದ, ಕೈಯಿಂದ, ಅಂಗೈಯಿಂದ. ನಡುವೆ ಟೀಚರ್ ಫೋನ್ ಮಾಡಿದರು: ಅತ್ತೆ ನೀರು ಮಾತ್ರ ಕುಡಿದಿದ್ದಾರೆ, ಗೋಡೆ ಹಿಡಿದು ನಡೆಯುತ್ತಿದ್ದಾರೆ. ನಾನು ಪಂಜರದ ಮುಂದೆ ಮಂಡಿಯೂರಿ, "ತಿನ್ನೇ ಯವ್ವಾ, ಒಂದ್ ಬೆರಳು ತಿನ್ನು," ಎಂದು ಬೇಡಿಕೊಂಡೆ. ಯಾವ ದೇವರ ಮುಂದೆಯೂ ನಾನು ಹಾಗೆ ಕೂತಿಲ್ಲ.

ಅವನು ಹೊರಗಿನ ನಾಯಿಯೊಂದಕ್ಕೆ ಇಂಜೆಕ್ಷನ್ ಕೊಟ್ಟು, ಕೈ ಒರೆಸಿಕೊಳ್ಳುತ್ತ ಬಂದ. ತಟ್ಟೆಯಲ್ಲಿದ್ದ ಕೋಳಿಯ ಅರೆಪನ್ನು ಕಿರುಬೆರಳಿನ ತುದಿಗೆ ಹಚ್ಚಿಕೊಂಡು, ಬೆಕ್ಕಿನ ಕಡೆ ನೋಡದೆ, ನನ್ನ ಜೊತೆ ಮಾತಾಡುತ್ತಲೇ ಪಂಜರದೊಳಗೆ ಹಿಡಿದ. "ರೈಲಿನಾಗ ಸೀಟ್ ಸಿಕ್ತೇನು?" ಎಂದು ಕೇಳುತ್ತಿದ್ದ.

ಚಿನ್ನಿ ಕತ್ತು ಮುಂದಕ್ಕೆ ಚಾಚಿ ಅವನ ಬೆರಳು ನೆಕ್ಕಿತು. ನಾಲಿಗೆಯ ಬುಡದ ಗಾಯ ನೋಯುತ್ತಿತ್ತೇನೋ, ತಲೆ ಓರೆ ಮಾಡಿ ನೆಕ್ಕಿತು. ಅವನು ಮತ್ತೆ ಹಚ್ಚಿಕೊಂಡ. ಮತ್ತೆ ನೆಕ್ಕಿತು. ಆಮೇಲೆ ಬೆರಳು ಬಿಟ್ಟು ತಟ್ಟೆಗೇ ಬಾಯಿ ಹಾಕಿತು.

ಸೀಟು ಸಿಕ್ಕಿತ್ತೆಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಬೆಕ್ಕು ಬದುಕಿತು ಎಂಬ ಸಮಾಧಾನ ಎದೆಯಲ್ಲಿ ಬಂದದ್ದು ನಿಜ. ಅದರ ಹಿಂದೆಯೇ, ಅದರಷ್ಟೇ ಬಿಸಿಯಾಗಿ, ನನ್ನ ಬೆರಳು ಯಾಕಲ್ಲ ಎಂಬುದೂ ಬಂತು.

ಫೋನ್ ರಿಂಗಾಯಿತು. ಈ ಸಲ ಅತ್ತೆಯೇ. ಧ್ವನಿ ಸಣ್ಣಗಾಗಿತ್ತು.

"ಏನರೆ ಬಾಯಿಗಿ ಹಚ್ತೇನ್ರಿ ಡಾಕ್ಟರ್?"

"ಹಚ್ತ್ರಿ ಅಮ್ಮಾ. ಈಗ ತಟ್ಟಿನೇ ನೆಕ್ಲಿಕತ್ತದ. ನೀವು ಮೊದಲು ಊಟ ಮಾಡ್ರಿ."

ಆ ಕಡೆ ಒಂದು ದೀರ್ಘ ಉಸಿರು. ತಾಟು ತರಲು ಸೊಸೆಯನ್ನು ಕೂಗಿದ್ದು ಕೇಳಿಸಿತು. ಆಮೇಲೆ, "ನಿಮ್ಮ ಕೈಲೇ ತಿಂತಾ?" ಎಂದರು.

ಅವನು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದ. ನೀರಿನ ಸದ್ದಿಗೆ ನನ್ನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಹೌದು ಎಂದರೆ ಮುಗಿದಿತ್ತು. ಒಂದೆರಡು ವರ್ಷ ಹೋದರೆ ನನ್ನ ನೆನಪೂ ಹಾಗೇ ಹೇಳುತ್ತಿತ್ತು.

"ಇಲ್ರಿ," ಎಂದೆ. "ಶಹಾಬಾದ್ ಡಾಕ್ಟರ್ ಕೈಲಿ."

"ಹೌದಾ? ಹಂಗಿದ್ರ ಜರಾ ಅವರಿಗಿ ಫೋನ್ ಕೊಡ್ರಿ."

ಕೊಟ್ಟೆ. ಒದ್ದೆ ಕೈಯಲ್ಲೇ ತೆಗೆದುಕೊಂಡು ಅವನು ಕಿಟಕಿಯ ಕಡೆ ಹೋದ. "ಹೂಂ ಅಮ್ಮಾ... ಅಯ್ಯ, ಅದಕ್ಕೇನ್ರಿ... ಮೊದಲು ನೀವು ಉಣ್ರಿ, ನಾ ಫೋನ್ ಇಡಂಗಿಲ್ಲ," ಎನ್ನುತ್ತಿದ್ದ. ನಾನು ಪಂಜರದ ಮುಂದೆ ಕೂತು, ಖಾಲಿಯಾಗುತ್ತ ಬಂದ ತಟ್ಟೆ ಬೆಕ್ಕಿನ ನಾಲಿಗೆಗೆ ಸರಿದುಹೋಗದ ಹಾಗೆ ಅಂಚನ್ನು ಹಿಡಿದುಕೊಂಡಿದ್ದೆ.